ಸಿಂಕ್ ಆದದ್ದೆಲ್ಲ ಉಳಿದದ್ದಲ್ಲ

ನಮ್ಮ ವಿಭಾಗದ ಸಂಶೋಧನಾ ವಿದ್ಯಾರ್ಥಿಗಳ ಕೋಣೆಯಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುವ ಮಾತೊಂದಿದೆ: “ಎಲ್ಲಾ ಮೇಲಿದೆ ಬಿಡ್ರೀ.” ಯಾರದೋ ಲ್ಯಾಪ್‌ಟಾಪ್ ಮೇಲೆ ಚಹಾ ಚೆಲ್ಲಲಿ, ಯಾರದೋ ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡಲಿ, ಮಿಕ್ಕವರು ತಲೆ ಎತ್ತದೆ ಹೇಳುವ ಸಮಾಧಾನ ಇದೇ. ನಮ್ಮ ಹಿರಿಯರು ‘ಮೇಲೊಬ್ಬನಿದ್ದಾನೆ’ ಎನ್ನುತ್ತಿದ್ದರಲ್ಲ, ಅಷ್ಟೇ ನಂಬಿಕೆಯಿಂದ ನಾವು ನಮ್ಮ ಫೈಲುಗಳ ಬಗ್ಗೆ ‘ಮೇಲಿದೆ’ ಎನ್ನುತ್ತೇವೆ. ಮೂರು ವರ್ಷ ನಾನೂ ಹಾಗೆ ಅಂದವಳೇ. ಈ ಬರಹ ಆ ಮಾತಿನ ವಿರುದ್ಧ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನನ್ನ ಸಂಶೋಧನೆ ಮಂಡ್ಯ ಸೀಮೆಯ ಸೋಬಾನೆ ಪದಗಳ ಮೇಲಿನದು. ಮಳವಳ್ಳಿ ಕಡೆಯ ಒಂದು ಊರಿನ ಅಜ್ಜಿಯೊಬ್ಬರು ನನ್ನ ಮುಖ್ಯ ವಕ್ತೃ. ಚಪ್ಪರ ಹಾಕುವುದರಿಂದ ಹಿಡಿದು ಹೆಣ್ಣೊಪ್ಪಿಸುವವರೆಗೆ ಮದುವೆಯ ಒಂದೊಂದು ಶಾಸ್ತ್ರಕ್ಕೂ ಅವರ ಬಳಿ ಹಾಡಿತ್ತು. ಮೂರು ಸಂಜೆ ಅವರ ಜಗಲಿಯಲ್ಲಿ ಕೂತು ಹನ್ನೊಂದು ಹಾಡು ಧ್ವನಿಮುದ್ರಿಸಿಕೊಂಡೆ. ಹಿನ್ನೆಲೆಯಲ್ಲಿ ಕುರಿಗಳ ಸದ್ದು, ಟ್ರ್ಯಾಕ್ಟರ್, ಪಕ್ಕದ ಮನೆಯ ಟೀವಿ. ಒಂದು ಹಾಡಿನ ನಡುವೆ ಸಾಲು ತಪ್ಪಿತೇನೋ ಅನ್ನಿಸಿ, “ಅಜ್ಜಿ, ಇನ್ನೊಂದ್ಸಲ ಹೇಳ್ತೀರಾ?” ಎಂದು ಕೇಳಿದೆ. ಅವರು ನಕ್ಕು, “ನಿನ್ ಡಬ್ಬೀಲಿ ಮಡೀಕಂಡಿದ್ದೀಯಲ್ಲ ಕಣವ್ವ, ಇನ್ ನನ್ ನೆಪ್ಪಲ್ಯಾಕಿರ್ಬೇಕು?” ಅಂದರು. ಆಗ ನಾನೂ ನಕ್ಕಿದ್ದೆ.

ಒಳ್ಳೆಯ ಗುಣಮಟ್ಟದ ಧ್ವನಿಮುದ್ರಣ ಗಂಟೆಗೆ ಸುಮಾರು 1 ಜಿಬಿ ಜಾಗ ತಿನ್ನುತ್ತದೆ. ಎರಡನೆಯ ವರ್ಷದ ಹೊತ್ತಿಗೆ ನನ್ನ 256 ಜಿಬಿಯ ಲ್ಯಾಪ್‌ಟಾಪ್ ಹಾಡುಗಳಿಂದಲೂ ಸ್ಕ್ಯಾನ್ ಮಾಡಿದ ಪುಸ್ತಕಗಳಿಂದಲೂ ತುಂಬಿ ಉಸಿರುಗಟ್ಟಿತ್ತು. ಆದರೆ ಧೈರ್ಯವಿತ್ತು. ಲ್ಯಾಪ್‌ಟಾಪಿನ ಫೋಲ್ಡರ್ ಕ್ಲೌಡ್ ಖಾತೆಯೊಂದಕ್ಕೆ ತಾನೇ ಸಿಂಕ್ ಆಗುತ್ತಿತ್ತು. ಅದು ಸಾಲದೆಂಬಂತೆ ವಿಭಾಗದ ಮೂಲೆಯಲ್ಲೊಂದು ಸರ್ವರ್ ಇತ್ತು. ಸೀನಿಯರ್ ಒಬ್ಬರು ಬರೆದುಕೊಟ್ಟ ಸ್ಕ್ರಿಪ್ಟ್ ದಿನಾ ರಾತ್ರಿ ಅದೇ ಫೋಲ್ಡರನ್ನು ಆ ಸರ್ವರಿಗೆ ಸಿಂಕ್ ಮಾಡುತ್ತಿತ್ತು. ಒಟ್ಟು ಮೂರು ಪ್ರತಿ ಎಂದು ಲೆಕ್ಕ ಹಾಕಿಕೊಂಡಿದ್ದೆ. ಒಂದು ಸಂಜೆ ಅಧ್ಯಾಯ ಸೇವ್ ಮಾಡಲೂ ಜಾಗ ಇಲ್ಲ ಎಂದು ಲ್ಯಾಪ್‌ಟಾಪ್ ಹಠ ಹಿಡಿದಾಗ, ‘ಕ್ಷೇತ್ರಕಾರ್ಯ’ ಎಂಬ ಫೋಲ್ಡರನ್ನು ಲ್ಯಾಪ್‌ಟಾಪಿನಿಂದ ಅಳಿಸಿದೆ. ಮೇಲಿದೆಯಲ್ಲ!

ಸಿಂಕ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತು. ಈ ತುದಿಯಲ್ಲಿ ಇಲ್ಲವಾದದ್ದನ್ನು ಆ ತುದಿಯಲ್ಲೂ ಇಲ್ಲವಾಗಿಸಿತು. ರಾತ್ರಿ ಸ್ಕ್ರಿಪ್ಟ್ ಓಡಿತು. ಅದೂ ನೋಡಿತು, ಇಲ್ಲಿ ಫೋಲ್ಡರ್ ಇಲ್ಲ, ಹಾಗಾದರೆ ಅಲ್ಲೂ ಬೇಡ. ಅಳಿಸಿದ ಫೈಲುಗಳು ಕ್ಲೌಡಿನ ಕಸದ ಬುಟ್ಟಿಯಲ್ಲಿ ಮೂವತ್ತು ದಿನ ಬಿದ್ದಿದ್ದವು. ಆ ಮೂವತ್ತು ದಿನವೂ ನಾನು ಸಿದ್ಧಾಂತದ ಅಧ್ಯಾಯ ಬರೆಯುತ್ತಾ ‘ಮೌಖಿಕ ಪರಂಪರೆಯ ನಶ್ವರತೆ’ಯ ಬಗ್ಗೆ ಪುಟ ತುಂಬಿಸುತ್ತಿದ್ದೆ, ಹಾಡು ಕೇಳುವ ಅಗತ್ಯವೇ ಬೀಳಲಿಲ್ಲ. ಎರಡು ತಿಂಗಳು ಕಳೆದ ಮೇಲೆ ಹಾಡುಗಳನ್ನು ಬರಹಕ್ಕಿಳಿಸಲು ಕೂತಾಗ ಎಲ್ಲೂ ಏನೂ ಇರಲಿಲ್ಲ. ಅಷ್ಟರಲ್ಲಿ ಅಜ್ಜಿಗೆ ಪಾರ್ಶ್ವವಾಯು ಆಗಿತ್ತು. ಈಗಲೂ ಇದ್ದಾರೆ, ಗುರುತು ಹಿಡಿಯುತ್ತಾರೆ, ಕೈ ಹಿಡಿದುಕೊಳ್ಳುತ್ತಾರೆ. ಮಾತು ತೊದಲುತ್ತದೆ. ಹಾಡು ಬರುವುದಿಲ್ಲ.

ಉಳಿದದ್ದು ನಾಲ್ಕು ಹಾಡು. ಅದೂ ನನ್ನ ಜಾಣತನದಿಂದಲ್ಲ. ಧ್ವನಿಮುದ್ರಣ ಮುಗಿದ ಕೊನೆಯ ಸಂಜೆ ಅಜ್ಜಿಯ ಮೊಮ್ಮಗಳು, ಆಗ ಪಿಯುಸಿ ಓದುತ್ತಿದ್ದವಳು, “ಅಕ್ಕಾ, ನಂಗೂ ಹಾಕ್ಕೊಡಿ” ಎಂದು ಫೋನ್ ಮುಂದೆ ಹಿಡಿದಿದ್ದಳು. ಅವಳ ಫೋನಿನಲ್ಲಿ ಜಾಗವಿದ್ದದ್ದು ನಾಲ್ಕಕ್ಕೆ ಮಾತ್ರ. ಅದನ್ನು ಯಾರೂ ಸಂಗ್ರಹಾಗಾರ ಎಂದು ಕರೆದಿರಲಿಲ್ಲ. ಅದಕ್ಕೆ ಸರ್ವರ್ ಇರಲಿಲ್ಲ, ಪಾಸ್‌ವರ್ಡ್ ಇರಲಿಲ್ಲ. ಆದರೂ ಅದೊಂದೇ ಏಕೆ ಉಳಿಯಿತು? ನಾನು ‘ಅಳಿಸು’ ಎಂದಾಗ ಅದಕ್ಕೆ ಕೇಳಿಸಲಿಲ್ಲ, ಅಷ್ಟೇ.

ನನ್ನ ವಾದವೆಲ್ಲ ಇಷ್ಟೇ: ನಾವು ಮಾಡುವುದಕ್ಕೆಲ್ಲ ತಲೆಯಾಡಿಸುವ ಪ್ರತಿ, ಪ್ರತಿಯೇ ಅಲ್ಲ. ನಮ್ಮ ತಪ್ಪಿನಿಂದ ದೂರ ಉಳಿಯಬಲ್ಲದ್ದೇ ಪ್ರತಿ.

ಸಿಂಕ್ ಎಂಬ ತಂತ್ರವನ್ನು ನಾನು ಹಳಿಯುತ್ತಿಲ್ಲ. ಅದರ ಕತೆ ಸೊಗಸಾದದ್ದು, ಅದರಲ್ಲೂ ಪಿಎಚ್.ಡಿ. ಮಾಡುವವರಿಗೆ. ಆಂಡ್ರ್ಯೂ ಟ್ರಿಜೆಲ್ ಎಂಬವರು ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದಾಗ, 1996ರಲ್ಲಿ, ಪಾಲ್ ಮೆಕೆರಾಸ್ ಜೊತೆ ಸೇರಿ ‘ಆರ್‌ಸಿಂಕ್’ ಎಂಬ ತಂತ್ರಾಂಶ ಬರೆದರು. ಟ್ರಿಜೆಲ್ ಅವರ 1999ರ ಮಹಾಪ್ರಬಂಧದಲ್ಲಿ ಅದರ ವಿವರವಿದೆ. ನನ್ನ ಹಾಡುಗಳನ್ನು ಅಳಿಸಿದ ಸ್ಕ್ರಿಪ್ಟಿನ ಒಳಗೆ ಇದ್ದದ್ದೂ ಅದೇ. ಅವರ ಎದುರಿದ್ದ ಪ್ರಶ್ನೆ ಹೀಗಿತ್ತು. ಇಲ್ಲೊಂದು ದೊಡ್ಡ ಫೈಲ್, ದೂರದ ಸರ್ವರಿನಲ್ಲಿ ಅದರದೇ ಹಳೆಯ ಪ್ರತಿ. ಇಲ್ಲಿ ನಾಲ್ಕು ಸಾಲು ತಿದ್ದಿದ್ದೇನೆ. ನಡುವಿನ ಸಂಪರ್ಕವೋ ಆಮೆಯ ನಡಿಗೆಯದು. ಪೂರ್ತಿ ಕಳಿಸದೆ ವ್ಯತ್ಯಾಸವನ್ನಷ್ಟೇ ಕಳಿಸುವುದು ಹೇಗೆ? ಎರಡನ್ನೂ ಎದುರುಬದುರು ಇಟ್ಟರೆ ವ್ಯತ್ಯಾಸ ಕಂಡೀತು. ಆದರೆ ಎದುರಿಗಿಡಲೆಂದೇ ಪೂರ್ತಿ ಕಳಿಸಬೇಕಾದರೆ ಬಂದ ಲಾಭವೇನು?

ಅವರು ಕಂಡುಕೊಂಡ ದಾರಿ ಇದು. ಹಳೆಯ ಪ್ರತಿ ಇರುವ ಕಡೆ ಫೈಲನ್ನು ಸಮನಾದ ತುಂಡುಗಳಾಗಿ ಕತ್ತರಿಸಿ ಒಂದೊಂದಕ್ಕೂ ಎರಡೆರಡು ಗುರುತು ಲೆಕ್ಕ ಹಾಕುತ್ತಾರೆ. ಒಂದು ಬೇಗ ಸಿಗುವ ಒರಟು ಗುರುತು, ಇನ್ನೊಂದು ನಿಧಾನದ, ಆದರೆ ನಂಬಬಹುದಾದ ಗುರುತು. ಈ ಗುರುತುಗಳಷ್ಟೇ ಪ್ರಯಾಣ ಮಾಡುತ್ತವೆ. ಹೊಸ ಪ್ರತಿ ಇರುವ ಕಡೆ ಅಷ್ಟೇ ಅಗಲದ ಕಿಟಕಿಯೊಂದನ್ನು ಒಂದೊಂದೇ ಬೈಟ್ ಸರಿಸುತ್ತಾ ನೋಡುತ್ತಾ ಹೋಗುತ್ತಾರೆ. ಒರಟು ಗುರುತು ಹೊಂದಿದರೆ ಎರಡನೆಯದರಿಂದ ಖಚಿತಪಡಿಸಿಕೊಳ್ಳುತ್ತಾರೆ. ಹೊಂದಿದ ಭಾಗಕ್ಕೆ ‘ಇದು ನಿನ್ನಲ್ಲೇ ಇದೆ, ಇಂಥ ಕಡೆಯಿಂದ ತೆಗೆದುಕೋ’ ಎಂಬ ಸೂಚನೆ. ಹೊಂದದ ಭಾಗ ಮಾತ್ರ ಇದ್ದಹಾಗೆ ರವಾನೆ. ಮೊದಲ ಸಾಲಿಗೇ ಹೊಸ ಪದ ಸೇರಿಸಿ ಉಳಿದದ್ದೆಲ್ಲ ಮುಂದಕ್ಕೆ ಸರಿದಿದ್ದರೂ ಈ ಕಿಟಕಿ ಅದನ್ನು ಹಿಡಿಯುತ್ತದೆ. ಎರಡು ಓಲೆಪ್ರತಿಗಳನ್ನು ಹೋಲಿಸುವವರು ಮೊದಲು ಪದ್ಯದ ಮೊದಲಕ್ಷರ ಹಿಡಿದು ಜಾಗ ಪತ್ತೆಮಾಡಿ, ಆಮೇಲೆ ಅಕ್ಷರಕ್ಕಕ್ಷರ ನೋಡುತ್ತಾರಲ್ಲ, ಅದರ ಹತ್ತಿರದ ಬುದ್ಧಿ ಇದು. ನನಗಂತೂ ಮೆಚ್ಚಿಗೆಯಾಯಿತು. ಇವತ್ತಿಗೂ ಪ್ರಬಂಧದ ಅಧ್ಯಾಯಗಳನ್ನು ಮನೆಯಿಂದ ವಿಭಾಗಕ್ಕೆ ಸಾಗಿಸುವುದು ಇದರಲ್ಲೇ.

ಆದರೆ ಗಮನಿಸಿ, ಅದರ ಗುರಿ ಒಂದೇ: ಆ ತುದಿಯನ್ನು ಈ ತುದಿಯ ಹಾಗೆ ಮಾಡುವುದು. ಅದು ಸಾಗಣೆ, ಸಂಗ್ರಹವಲ್ಲ. ಇನ್ನೂ ಒಂದು ಮಾತು ಹೇಳಬೇಕು. ಆರ್‌ಸಿಂಕ್ ಮೂಲದಲ್ಲಿ ಅಷ್ಟು ಕ್ರೂರಿಯಲ್ಲ. ಇಲ್ಲಿ ಇಲ್ಲದ್ದನ್ನು ಅಲ್ಲಿ ಅಳಿಸು ಎಂದು ನಾವಾಗಿ ಹೇಳದಿದ್ದರೆ ಅದು ಅಳಿಸುವುದಿಲ್ಲ. ಹಾಗೆ ಹೇಳಲು ‘ಡಿಲೀಟ್’ ಎಂಬ ಆಯ್ಕೆಯನ್ನು ಆಜ್ಞೆಯ ಸಾಲಿಗೆ ಸೇರಿಸಬೇಕು. ನಮ್ಮ ಸ್ಕ್ರಿಪ್ಟಿನಲ್ಲಿ ಅದು ಸೇರಿತ್ತು. ಯಾಕೆ ಎಂದು ಸೀನಿಯರನ್ನು ಕೇಳಿದರೆ, “ಸರ್ವರ್ ಕ್ಲೀನಾಗಿರ್ಲಿ ಅಂತ ಕಣೇ” ಅಂದರು. ಕ್ಲೌಡ್ ಫೋಲ್ಡರುಗಳಿಗೆ ಅದನ್ನು ಹೇಳುವ ಅಗತ್ಯವೂ ಇಲ್ಲ. ಎರಡೂ ಕಡೆಗೆ ಸಿಂಕ್ ಆಗುವ ಫೋಲ್ಡರಿನಲ್ಲಿ ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಅಳಿಸಿದಂತೆ. ಇಂಥ ನಕಲನ್ನು ಕಂಪ್ಯೂಟರಿನವರು ‘ಮಿರರ್’ ಅನ್ನುತ್ತಾರೆ. ಪ್ರಾಮಾಣಿಕ ಹೆಸರು. ಕನ್ನಡಿಯಲ್ಲಿ ಕಾಣುವ ಗಂಟು ಎರಡನೆಯ ಗಂಟಲ್ಲ ಎಂದು ನಮ್ಮ ಗಾದೆ ಯಾವತ್ತೋ ಹೇಳಿಟ್ಟಿದೆ. ನಾವು ಕನ್ನಡಿಯೊಳಗಿನ ಗಂಟನ್ನು ಎಣಿಸಿಕೊಂಡು ಮೂರು ಪ್ರತಿ ಎನ್ನುತ್ತಿದ್ದೇವೆ.

“ಕಂಪನಿಗಳು ಒಂದೇ ಫೈಲನ್ನು ಹಲವು ಡಿಸ್ಕುಗಳಲ್ಲಿ ಇಡುತ್ತವಲ್ಲ” ಎನ್ನುತ್ತಾರೆ. ಇಡುತ್ತವೆ, ನಿಜ. ಅದು ಡಿಸ್ಕ್ ಕೆಟ್ಟರೆ ಕಾಪಾಡಲು. ನಾನೇ ಅಳಿಸಿದರೆ ಆ ಹಲವು ಡಿಸ್ಕುಗಳೂ ಒಟ್ಟಿಗೇ ಒಪ್ಪಿಕೊಳ್ಳುತ್ತವೆ. ಕಳ್ಳನಿಂದ ಕಾಯುವ ಬೀಗ ಮನೆಯವರಿಂದ ಕಾಯುವುದಿಲ್ಲ. ಬಡ ವಿಭಾಗಗಳಿಗೆ ಮಾತ್ರ ಬರುವ ಕಷ್ಟ ಇದು ಎಂದೂ ತಿಳಿಯಬೇಡಿ. 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನಲ್ಲಿ ಸುಮಾರು 77 ಟೆರಾಬೈಟ್ ಸಂಶೋಧನಾ ದತ್ತಾಂಶ, ಅಂದರೆ 3.4 ಕೋಟಿಯಷ್ಟು ಫೈಲುಗಳು ಅಳಿಸಿಹೋದವು. ಹದಿನಾಲ್ಕು ಸಂಶೋಧನಾ ತಂಡಗಳಿಗೆ ಪೆಟ್ಟು ಬಿತ್ತು. ಬೆಂಕಿ ಬಿದ್ದಿರಲಿಲ್ಲ, ಭೂಕಂಪ ಆಗಿರಲಿಲ್ಲ. ಬ್ಯಾಕಪ್ ಮಾಡುವ ಸ್ಕ್ರಿಪ್ಟನ್ನು ಪರಿಷ್ಕರಿಸುವಾಗ ಆದ ತಪ್ಪಿನಿಂದ ಆ ಸ್ಕ್ರಿಪ್ಟೇ ಫೈಲುಗಳನ್ನು ಅಳಿಸಿತ್ತು.

ನನಗೆ ಹೆಚ್ಚು ಸಿಟ್ಟು ಬರುವುದು ಕಂಪನಿಗಳ ಮೇಲಲ್ಲ, ನಮ್ಮವರ ಮೇಲೆ. ಪ್ರತಿ ಅಂದರೇನು ಎಂದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಕನ್ನಡ ವಿಭಾಗದವರಿಗೆ ಗೊತ್ತಿರಬೇಕಿತ್ತು. ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನೆ ಎಂಬ ಪತ್ರಿಕೆ ಓದುತ್ತೇವೆ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯಿಂದ ಹತ್ತು ಅಂಕದ ಪ್ರಶ್ನೆ ಖಚಿತ ಎಂದು ಸೀನಿಯರ್‌ಗಳು ಗುರುತು ಹಾಕಿಕೊಡುತ್ತಾರೆ. ಮಾತೃಪ್ರತಿ, ಪಾಠಾಂತರ, ಲಿಪಿಕಾರನ ಸ್ಖಾಲಿತ್ಯ ಎಲ್ಲವನ್ನೂ ಬಾಯಿಪಾಠ ಮಾಡಿ ಬರೆಯುತ್ತೇವೆ. ಪರೀಕ್ಷೆ ಮುಗಿಸಿ ಬಂದು ನಮ್ಮದೇ ಕೈಯಿಂದಾದ ಪಠ್ಯಗಳನ್ನು ಒಂದೇ ಒಂದು ಖಾತೆಗೆ ಕಟ್ಟಿಹಾಕಿ ನಿದ್ದೆ ಮಾಡುತ್ತೇವೆ.

ಅತ್ತಿಮಬ್ಬೆಯ ಕತೆ ಹೈಸ್ಕೂಲಿನಲ್ಲೇ ಓದಿದ್ದೇವೆ. ಹತ್ತನೆಯ ಶತಮಾನದಲ್ಲಿ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು ಎಂದು ಸಾಹಿತ್ಯ ಚರಿತ್ರೆ ಅವಳನ್ನು ನೆನೆಯುತ್ತದೆ. ನಾವದನ್ನು ದಾನದ ಕತೆಯಾಗಿ ಮಾತ್ರ ಓದುತ್ತೇವೆ. ಅದು ರಕ್ಷಣೆಯ ಕತೆಯೂ ಹೌದು. ಅತ್ತಿಮಬ್ಬೆ ಒಂದು ಪ್ರತಿಯನ್ನು ಅರಮನೆಯಲ್ಲಿಟ್ಟು ಸಾವಿರ ಜನಕ್ಕೆ ಅದರ ಲಿಂಕ್ ಕಳಿಸಲಿಲ್ಲ. ಒಂದೊಂದು ಪ್ರತಿಯೂ ಬೇರೆ ಬೇರೆ ಮನೆ, ಬಸದಿ ಸೇರಿತು. ಒಂದಕ್ಕೆ ಗೆದ್ದಲು ಹಿಡಿದರೆ ಇನ್ನೊಂದಕ್ಕೆ ಅದು ಹರಡುವಂತಿರಲಿಲ್ಲ. ಒಬ್ಬರು ನೀರಿಗೆಸೆದರೆ ಉಳಿದವರ ಕೈಯ ಓಲೆ ಮಾಯವಾಗುತ್ತಿರಲಿಲ್ಲ.

ಇದಕ್ಕೆ ಎದುರಿನ ಉದಾಹರಣೆಯೂ ನಮ್ಮಲ್ಲೇ ಇದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂದು ಹೆಸರಾದ ಓಲೆಗ್ರಂಥಗಳಿವೆ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡ. ಶತಮಾನಗಳ ಕಾಲ ಅವು ಓದುವ ಗ್ರಂಥಗಳಾಗಿರಲಿಲ್ಲ, ದರ್ಶನ ಮಾಡಿ ಕೈಮುಗಿಯುವ ಗ್ರಂಥಗಳಾಗಿದ್ದವು. ಹೊರಗಿನ ವಿದ್ವಾಂಸರಿಗೆ ಬೇರೆ ಪ್ರತಿ ಸಿಗುವಂತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಹಳ ಮಾತುಕತೆಯ ನಂತರ ನಕಲು ಮಾಡುವ ಕೆಲಸ ಆರಂಭವಾಯಿತು. ಅದೂ ಬಸದಿಯೊಳಗೇ ಇರಬೇಕೆಂಬ ಷರತ್ತು. ಆದರೆ ನಕಲಿನ ಒಂದು ಪ್ರತಿ ಅನುಮತಿಯಿಲ್ಲದೆ ಹೊರಗೆ ಹೋಯಿತು. ಹಾಗೆ ಹೊರಬಿದ್ದ ಪ್ರತಿಯ ವಂಶದಿಂದಲೇ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ 1939ರಿಂದ ಧವಲಾ ಅಚ್ಚಾಗತೊಡಗಿತು. ಕದ್ದದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಕಾವಲಿನ ಆಚೆಗೊಂದು ಪ್ರತಿ ಇದ್ದದ್ದರಿಂದ ಗ್ರಂಥ ಲೋಕಕ್ಕೆ ದಕ್ಕಿತು ಎನ್ನುತ್ತಿದ್ದೇನೆ. ನನ್ನ ಕತೆಯಲ್ಲಿ ಕಾವಲಿನ ಆಚೆಗಿದ್ದದ್ದು ಒಂದು ಅಗ್ಗದ ಫೋನು.

ಸಿಂಕ್ ಇನ್ನೊಂದು ವಿಷಯದಲ್ಲೂ ನಮ್ಮ ಓದಿಗೆ ವಿರುದ್ಧವಾದದ್ದು. ಅದಕ್ಕೆ ಪಾಠಾಂತರ ಕಂಡರೆ ಆಗದು. ಒಮ್ಮೆ ನನ್ನ ಗೈಡ್ ಬಸ್ಸಿನಲ್ಲಿ ಇಂಟರ್‌ನೆಟ್ ಇಲ್ಲದೆ ನನ್ನ ಅಧ್ಯಾಯವನ್ನು ತಿದ್ದುತ್ತಿದ್ದರು. ಅದೇ ಹೊತ್ತಿಗೆ ನಾನೂ ಕೋಣೆಯಲ್ಲಿ ತಿದ್ದುತ್ತಿದ್ದೆ. ಸಂಜೆ ಫೋಲ್ಡರಿನಲ್ಲಿ ಎರಡು ಫೈಲುಗಳಿದ್ದವು, ಒಂದರ ಹೆಸರಿನ ಕೊನೆಗೆ ‘ಘರ್ಷಣೆಯ ಪ್ರತಿ’ ಎಂಬರ್ಥದ ಇಂಗ್ಲಿಷ್ ಬಾಲ. ಮೊದಲು ಕಿರಿಕಿರಿಯಾಯಿತು. ಆಮೇಲೆ ಅನ್ನಿಸಿತು, ಈ ಇಡೀ ವ್ಯವಸ್ಥೆ ಪ್ರಾಮಾಣಿಕವಾಗಿ ನಡೆದುಕೊಂಡದ್ದು ಇದೊಂದೇ ಸಲ. ಯಾವುದು ಸರಿ ಎಂದು ತನಗೆ ತಿಳಿಯದು, ನೀವೇ ನೋಡಿಕೊಳ್ಳಿ ಎಂದಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಬೆಂಜಮಿನ್ ಪಿಯರ್ಸ್ ಮತ್ತು ಸಂಗಡಿಗರು ಕಟ್ಟಿದ ‘ಯುನಿಸನ್’ ಎಂಬ ತಂತ್ರಾಂಶ ಇದನ್ನೇ ತತ್ವವಾಗಿ ಇಟ್ಟುಕೊಂಡಿದೆ. ಎರಡೂ ಕಡೆ ತಿದ್ದಿದ್ದರೆ ಅದು ತಾನಾಗಿ ಒಂದನ್ನು ಆರಿಸುವುದಿಲ್ಲ, ಬಳಕೆದಾರರನ್ನು ಕೇಳುತ್ತದೆ. ಒಳ್ಳೆಯ ಗ್ರಂಥಸಂಪಾದಕರೂ ಅದನ್ನೇ ಮಾಡುತ್ತಾರೆ: ಒಂದನ್ನು ಪಠ್ಯದಲ್ಲಿಟ್ಟು ಇನ್ನೊಂದನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ, ಎಸೆಯುವುದಿಲ್ಲ. ‘ಕೊನೆಗೆ ಬರೆದವನದೇ ಪಠ್ಯ’ ಎಂಬ ನಿಯಮ ಓಲೆಗರಿಗಳ ಕಾಲದಲ್ಲಿ ಇದ್ದಿದ್ದರೆ ಪಂಪನ ಯಾವ ಸಾಲನ್ನೂ ನಾವು ತಿದ್ದಿ ಓದುವಂತಿರಲಿಲ್ಲ.

“ಇದೆಲ್ಲ ಕಂಪ್ಯೂಟರ್ ಸೈನ್ಸಿನವರ ಕೆಲಸ, ನಮಗೇಕೆ?” ಎಂಬುದು ವಿಭಾಗಗಳಲ್ಲಿ ಕೇಳುವ ಎರಡನೆಯ ಮಾತು. ಅದಕ್ಕೆ ನನ್ನ ಉತ್ತರ ‘ಕೋಲಾಟ’ ಎಂಬ ಒಂದು ಪದ. ಯೂನಿಕೋಡಿನಲ್ಲಿ ‘ಕೋ’ ಎಂಬುದನ್ನು ಎರಡು ರೀತಿ ಬರೆದಿಡಬಹುದು. ‘ಕ’ಕ್ಕೆ ಇಡಿಯಾದ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಸೇರಿಸುವುದು ಒಂದು. ಏತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರಾಗಿ ಬಿಡಿಸಿ ಜೋಡಿಸುವುದು ಇನ್ನೊಂದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿನ ಒಳಗೆ ಎರಡೂ ಬೇರೆ. ಆ್ಯಪಲ್ ಕಂಪ್ಯೂಟರುಗಳ ಹಳೆಯ ಫೈಲ್ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿ ಬರೆಯುತ್ತಿತ್ತು. 2017ರಲ್ಲಿ ಬಂದ ಹೊಸ ವ್ಯವಸ್ಥೆ ಕೊಟ್ಟದ್ದನ್ನು ಹಾಗೇ ಇಟ್ಟುಕೊಳ್ಳುತ್ತದೆ. ಹಳೆಯದರಿಂದ ಲಿನಕ್ಸ್ ಸರ್ವರಿಗೆ ಸಿಂಕ್ ಮಾಡಿದರೆ ‘ಕೋಲಾಟ’ ಎಂಬ ಒಂದೇ ಹೆಸರಿನ ಎರಡು ಫೈಲು ಅಕ್ಕಪಕ್ಕ ಕೂತಿರುವ ವಿಚಿತ್ರ ಕಾಣಬಹುದು. ‘ಡಿಲೀಟ್’ ಆಯ್ಕೆ ಇದ್ದರೆ ಸರ್ವರಿನಲ್ಲಿದ್ದ ‘ಕೋಲಾಟ’ ಬೇರೆ ಯಾವುದೋ ಫೈಲ್ ಎಂದು ತಿಳಿದು ಅದನ್ನು ಅಳಿಸಿಬಿಡಲೂಬಹುದು. ಆರ್‌ಸಿಂಕಿನಲ್ಲಿ ಹೆಸರಿನ ಸಂಕೇತ ಬದಲಿಸಿಕೊಳ್ಳುವ ಪರಿಹಾರವಿದೆ. ಆದರೆ ರೋಗ ಗೊತ್ತಿದ್ದವರಿಗೆ ಮಾತ್ರ ಮದ್ದು. ಇಂಗ್ಲಿಷಿನ ಸಾದಾ ಹೆಸರುಗಳಲ್ಲೇ ಕೆಲಸ ಮಾಡುವವರಿಗೆ ಈ ತೊಡಕು ಕಾಣುವುದೇ ಇಲ್ಲ. ಏತ್ವ, ಓತ್ವ ಎಂದರೇನೆಂದು ಬಲ್ಲವರು ನಾವು. ನಾವು ತಲೆ ಹಾಕದಿದ್ದರೆ ನಮ್ಮ ಪರವಾಗಿ ಇನ್ಯಾರು ತಲೆ ಹಾಕುತ್ತಾರೆ? ಓಲೆಗರಿಯನ್ನು ಹದಮಾಡುವುದು, ಕಂಟದಿಂದ ಕೊರೆಯುವುದು, ಮಸಿ ಸವರುವುದು ಇವನ್ನೆಲ್ಲ ಸಾಹಿತ್ಯ ಚರಿತ್ರೆಯ ಭಾಗ ಎಂದು ಒಪ್ಪಿದ ನಾವು, ಇಂದಿನ ಓಲೆಗರಿಯ ಹದ ಮಾತ್ರ ಬೇರೆಯವರದು ಎನ್ನುವುದು ಸೋಮಾರಿತನ.

“ತಪ್ಪು ನಿನ್ನದೇ ಅಲ್ಲವೇ? ಅಳಿಸಿದವಳು ನೀನು” ಎಂದು ಒಬ್ಬ ಗೆಳೆಯ ನೇರವಾಗಿ ಕೇಳಿದ. ಹೌದು, ನನ್ನದೇ. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಆದರೆ ದಣಿದ ಒಬ್ಬ ವಿದ್ಯಾರ್ಥಿನಿಯ ಒಂದು ಕ್ಲಿಕ್ಕಿಗೆ ಮೂರು ಕಡೆಯ ಹಾಡು ಒಟ್ಟಿಗೆ ಹೋಗುವ ಏರ್ಪಾಡನ್ನು ರಕ್ಷಣೆ ಎಂದು ಕರೆದದ್ದು ನಾನೊಬ್ಬಳೇ ಅಲ್ಲ. ಜನ ತಪ್ಪು ಮಾಡುತ್ತಾರೆ ಎಂದು ಗೊತ್ತಿದ್ದುಕೊಂಡೇ ಸಂಗ್ರಹ ಕಟ್ಟಬೇಕು. ಲಿಪಿಕಾರರೂ ತೂಕಡಿಸುತ್ತಿದ್ದರು.

“ಇದಕ್ಕೆಲ್ಲ ದುಡ್ಡೆಲ್ಲಿದೆ?” ಎಂಬುದು ಮೂರನೆಯ ಮಾತು. ಆರ್‌ಸಿಂಕ್ ಉಚಿತ. ವಿಚಾರ ಸಂಕಿರಣವೊಂದಕ್ಕೆ ತರಿಸುವ ಹಾರ, ಶಾಲು, ಸ್ಮರಣಿಕೆಗಳ ಖರ್ಚಿನಲ್ಲಿ ಎರಡು ಹಾರ್ಡ್ ಡಿಸ್ಕ್ ಬರುತ್ತವೆ. ಕೊರತೆ ಇರುವುದು ಹಣದ್ದಲ್ಲ, ಇದು ನಮ್ಮ ಕೆಲಸ ಎಂಬ ತಿಳಿವಿನದು.

ಹಾಗಾದರೆ ಏನು ಮಾಡಬೇಕು? ನನ್ನ ಬೇಡಿಕೆಗಳು ನಾಲ್ಕೇ. ಮೊದಲನೆಯದು, ಪಿಎಚ್.ಡಿ. ಕೋರ್ಸ್‌ವರ್ಕಿನಲ್ಲಿ ಅಡಿಟಿಪ್ಪಣಿಯ ಅಲ್ಪವಿರಾಮಕ್ಕೆ ಮೀಸಲಿಡುವ ಸಮಯದಲ್ಲಿ ಒಂದು ವಾರವನ್ನಾದರೂ ದತ್ತಾಂಶ ಕಾಪಾಡುವುದಕ್ಕೆ ಕೊಡಿ. ಛಾಯಾಗ್ರಾಹಕ ಪೀಟರ್ ಕ್ರೋ ಹೇಳಿದ 3-2-1 ಎಂಬ ಸರಳ ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ. ಇದನ್ನು ಕಲಿಸಲು ಅರ್ಧ ಗಂಟೆ ಸಾಕು.

ಎರಡನೆಯದು, ವಿಭಾಗದ ಸರ್ವರ್ ಕನ್ನಡಿಯಾಗದಿರಲಿ, ದಿನಚರಿಯಾಗಲಿ. ‘ಡಿಲೀಟ್’ ಆಯ್ಕೆಯನ್ನು ಕಿತ್ತುಹಾಕಿ. ಪ್ರತಿದಿನದ ಸಿಂಕ್ ಆ ದಿನದ ತಾರೀಖಿನ ಹೊಸ ಫೋಲ್ಡರಿಗೆ ಹೋಗಲಿ. ಹಾಗೆ ಮಾಡಿದರೆ ಡಿಸ್ಕ್ ತುಂಬುತ್ತದೆ ಎಂಬ ಹೆದರಿಕೆ ಬೇಡ. ಹಿಂದಿನ ದಿನದ ಫೋಲ್ಡರನ್ನು ತೋರಿಸಿ, ಬದಲಾಗದ ಫೈಲನ್ನು ಮತ್ತೆ ನಕಲು ಮಾಡದೆ ಅದಕ್ಕೇ ಕೊಂಡಿ ಹಾಕು ಎಂದು ಹೇಳುವ ಆಯ್ಕೆ ಆರ್‌ಸಿಂಕಿನಲ್ಲಿದೆ. ಬದಲಾದದ್ದಕ್ಕೆ ಮಾತ್ರ ಜಾಗ ಹಿಡಿಯುತ್ತದೆ. ನಿನ್ನೆಯೂ ಇರುತ್ತದೆ, ಮೊನ್ನೆಯೂ ಇರುತ್ತದೆ. ಏನನ್ನಾದರೂ ನಿಜವಾಗಿ ಮಾಡುವ ಮೊದಲು ಏನಾಗಲಿದೆ ಎಂದು ತೋರಿಸುವ ‘ಡ್ರೈ ರನ್’ ಕೂಡ ಇದೆ. ಅದನ್ನು ಓಡಿಸದೆ ಎಂಟರ್ ಒತ್ತುವುದಿಲ್ಲ ಎಂದು ನಾನಂತೂ ಆಣೆ ಮಾಡಿಕೊಂಡಿದ್ದೇನೆ. ಫೋಲ್ಡರ್ ಹೆಸರಿನ ಮುಂದೆ ಒಂದು ಓರೆಗೆರೆ ಇದ್ದರೆ ‘ಅದರ ಒಳಗಿನದ್ದು’ ಎಂದು, ಇಲ್ಲದಿದ್ದರೆ ‘ಫೋಲ್ಡರನ್ನೇ’ ಎಂದು ಅರ್ಥ ಬದಲಾಗುವ ತಂತ್ರಾಂಶ ಅದು. ವಿಭಕ್ತಿ ಪ್ರತ್ಯಯ ತಪ್ಪಿದರೆ ಅರ್ಥ ಕೆಡುತ್ತದೆ ಎಂದು ನಮಗೆ ಹೊಸದಾಗಿ ಹೇಳಬೇಕಿಲ್ಲ.

ಮೂರನೆಯದು, ಇಟ್ಟದ್ದನ್ನು ಆಗಾಗ ತೆರೆದು ಕೇಳಿ. ಎರಡು ತಿಂಗಳಲ್ಲಿ ಒಮ್ಮೆ ನಾನು ಆ ಹಾಡು ಕೇಳಿದ್ದರೆ, ಕಸದ ಬುಟ್ಟಿಯಿಂದಾದರೂ ಎತ್ತಿಕೊಳ್ಳುತ್ತಿದ್ದೆನೇನೋ. ತೆರೆದು ನೋಡದ ಸಂಗ್ರಹ ಇದೆಯೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಹಾಡಿದವರ ಮನೆಯಲ್ಲೊಂದು ಪ್ರತಿ ಇರಲಿ. ಕ್ಷೇತ್ರಕಾರ್ಯದ ನೀತಿ ಎಂದು ನಾವು ಇದನ್ನು ಭಾಷಣದಲ್ಲಿ ಹೇಳುತ್ತೇವೆ, ಮಾಡುವುದಿಲ್ಲ. ಹಾಡು ತೆಗೆದುಕೊಂಡು ಬಂದವರು ಕೃತಜ್ಞತೆಯ ಪುಟದಲ್ಲಿ ಒಂದು ಸಾಲು ಬರೆದು ಋಣ ತೀರಿಸಿಕೊಳ್ಳುತ್ತೇವೆ. ಅವರ ಸ್ವತ್ತನ್ನು ಅವರಿಗೂ ಕೊಡುವುದು ಔದಾರ್ಯವಲ್ಲ. ನಮ್ಮ ಕೈ ಜಾರಿದ ದಿನ ಅದನ್ನು ಉಳಿಸಬಲ್ಲವರು ಅವರೇ.

ಕಳೆದ ತಿಂಗಳು ಮತ್ತೆ ಆ ಊರಿಗೆ ಹೋಗಿದ್ದೆ. ಅಜ್ಜಿ ಹಾಡುವಾಗ ಹಿಂದೆ ಕೂತು ಸೊಲ್ಲು ಹಿಡಿಯುತ್ತಿದ್ದ ಇಬ್ಬರು ಹೆಂಗಸರನ್ನು ಹುಡುಕಿ ಕೂರಿಸಿದೆ. ಹೋದ ಏಳು ಹಾಡುಗಳಲ್ಲಿ ಮೂರನ್ನು ಅವರು ನೆನಪು ಮಾಡಿಕೊಂಡು ಹೇಳಿಕೊಟ್ಟರು. ಒಂದು ಕಡೆ ಇಬ್ಬರಿಗೂ ಜಗಳವಾಯಿತು. ಒಬ್ಬರು ಮಲ್ಲಿಗೆ ಎಂದರು, ಇನ್ನೊಬ್ಬರು ಸಂಪಿಗೆ ಎಂದರು. ಅಜ್ಜಿ ಏನು ಹಾಡಿದ್ದರೋ ನನಗೆ ನೆನಪಿಲ್ಲ, ಕೇಳಿ ನೋಡಲು ಧ್ವನಿಯೂ ಇಲ್ಲ. ಮಂಚದ ಮೇಲೆ ಮಲಗಿದ್ದ ಅಜ್ಜಿಯ ಕಡೆ ನೋಡಿದೆವು. ಅವರ ತುಟಿ ಅಲುಗಿತು, ಪದ ಹೊರಗೆ ಬರಲಿಲ್ಲ. ಎರಡನ್ನೂ ಬರೆದುಕೊಂಡೆ. ಪ್ರಬಂಧದಲ್ಲಿ ಒಂದು ಮೇಲೆ ಹೋಗುತ್ತದೆ, ಇನ್ನೊಂದು ಅಡಿಟಿಪ್ಪಣಿಗೆ. ಉಳಿದ ನಾಲ್ಕು ಹಾಡಿಗೆ ಪಾಠಾಂತರವೂ ಇಲ್ಲ.

ಹೊರಡುವಾಗ ಮೂರು ಪೆನ್‌ಡ್ರೈವ್‌ಗಳಿಗೆ ಏಳೂ ಹಾಡು ತುಂಬಿ, ಮೊಮ್ಮಗಳಿಗೊಂದು, ಆ ಇಬ್ಬರು ಹೆಂಗಸರ ಮನೆಗೆ ಒಂದೊಂದು ಕೊಟ್ಟು ಬಂದೆ. ನಾನು ಇಲ್ಲಿ ಏನನ್ನು ಅಳಿಸಿದರೂ ಅಲ್ಲಿ ಏನೂ ಆಗುವುದಿಲ್ಲ. ಬಸ್ಸಿನಲ್ಲಿ ಕೂತ ಮೇಲೆ, ಮೂರು ವರ್ಷದಲ್ಲಿ ಮೊದಲ ಸಲ, ಈ ಹಾಡುಗಳಿಗೆ ಪ್ರತಿ ಇದೆ ಎಂದು ನನಗೆ ಅನ್ನಿಸಿತು.